ಇಸೊಗೈ ಹಂಚಿದ ಸೊಪ್ಪು

ಎಲ್ಲದಕ್ಕೂ ಮೂಲ ಇಸೊಗೈಯ ಮೂಗು. ವಸಂತ ಬಂತೆಂದರೆ ಗುಡ್ಡದ ಸುಗಿ ಮರಗಳ ಪರಾಗ ಊರಿಗೆಲ್ಲ ಇಳಿಯುತ್ತದೆ, ಅವನ ಮೂಗು ಗಾರೆ ಮೆತ್ತಿದ ಇಲಿಬಿಲದಂತೆ ಮುಚ್ಚಿಹೋಗುತ್ತದೆ. ಅಂಥ ಮೂಗು ಹೊತ್ತುಕೊಂಡೇ ಅವನು ಬೆಳಿಗ್ಗೆ ಹಿತ್ತಿಲಲ್ಲಿ ನಿರಾ ಸೊಪ್ಪು ಕೊಯ್ದು, ಕಟ್ಟು ಕಟ್ಟಿ, ಎಡಮನೆಯ ಹಮುರೊಸಾನ್‌ಗೂ ಬಲಮನೆಯ ಒಬಾತಾಸಾನ್‌ಗೂ ಕೊಟ್ಟುಬಂದ. ಬಸ್ ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಬೀದಿಯಲ್ಲಿ ಅವನ ಮರ್ಯಾದೆಯೆಲ್ಲ ಈ ಕಟ್ಟುಗಳಲ್ಲೇ ಇತ್ತು.

ಮಧ್ಯಾಹ್ನ ಮೊಟ್ಟೆ ಒಡೆದು ಹಾಕಿದ ಅದೇ ಸೊಪ್ಪಿನ ಸಾರು ಕುಡಿದು ಟೀವಿ ಹಾಕಿದರೆ ಸುದ್ದಿ: ಪಕ್ಕದ ಊರಲ್ಲಿ ಯಾರೋ ನಿರಾ ಎಂದುಕೊಂಡು ಡ್ಯಾಫೊಡಿಲ್ ಹೂಗಿಡದ ಎಲೆ ತಿಂದು ಆಸ್ಪತ್ರೆ ಸೇರಿದ್ದಾರೆ. ನೋಡಲು ಎರಡೂ ಅವಳಿಜವಳಿ. ಹಿಸುಕಿದರೆ ನಿರಾ ಬೆಳ್ಳುಳ್ಳಿಯಂತೆ ನಾರುತ್ತದೆ, ವಿಷದೆಲೆ ನಾರುವುದಿಲ್ಲ.

ಇಸೊಗೈಯ ಎದೆ ಧಸಕ್ಕೆಂದಿತು. ಹಮುರೊಸಾನ್ ಪ್ರೀತಿಯಿಂದ ಕೊಟ್ಟಿದ್ದ ಡ್ಯಾಫೊಡಿಲ್ ಗೆಡ್ಡೆಗಳನ್ನು ಬೇಡ ಎನ್ನಲಾರದೆ ನಿರಾ ಪಾತಿಯ ಪಕ್ಕದಲ್ಲೇ ನೆಟ್ಟಿದ್ದ. ಈ ಸಲ ಅವು ಹೂ ಬಿಟ್ಟಿರಲಿಲ್ಲ. ಉಳಿದ ಕಟ್ಟನ್ನು ಹೆಂಡತಿ ತಮಿಕೊಳ ಮೂಗಿಗೆ ಹಿಡಿದ.

"ಬರೀ ಹುಲ್ಲಿನ ವಾಸನೆ. ಅಡುಗೆ ಮಾಡೋವಾಗ್ಲೇ ಅನ್ನಿಸ್ತು," ಎಂದಳು ಅವಳು. "ನಿಮ್ಮ ಸೊಪ್ಪಿಗೆ ವಾಸನೆ, ರುಚಿ ಯಾವತ್ತಿತ್ತು ಅಂತ ಸುಮ್ಮನಾದೆ."

ಅವನ ಹೊಟ್ಟೆ ತೊಳಸತೊಡಗಿತು. ಭಯಕ್ಕಿರಬೇಕು ಎಂದುಕೊಂಡ. ತಾನು ಸತ್ತರೆ ಒಂದು ಹೆಣ, ಮುಗಿಯಿತು. ಹಮುರೊಸಾನ್ ಸತ್ತರೆ ಬೀದಿಯಲ್ಲಿ ಮುಖ ತೋರಿಸುವುದು ಹೇಗೆ? ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದ.

"ಆಗ್ಲೇ ತಿಂದಾಯ್ತು, ಇಸೊಗೈಸಾನ್," ಎಂದರು ಹಮುರೊಸಾನ್. "ಎಂಥ ಘಮ ಅಂತೀರಿ, ಮನೆಯೆಲ್ಲಾ ತುಂಬಿಬಿಡ್ತು."

ವಾಸನೆಯೇ ಇಲ್ಲದ ಎಲೆ ಘಮಘಮಿಸಿದ್ದು ಕೇಳಿ, ವಿಷ ಆಗಲೇ ತಲೆಗೇರಿದೆ ಎಂದು ಅವನಿಗೆ ಖಾತ್ರಿಯಾಯಿತು. ಒಬಾತಾಸಾನ್ ಎರಡು ಸಲ ಬಡಿಸಿಕೊಂಡು ತಿಂದರಂತೆ. ಇಸೊಗೈ ಆಂಬುಲೆನ್ಸ್‌ಗೆ ಫೋನ್ ಮಾಡಿ, ಇಬ್ಬರನ್ನೂ ಹೊರಗೆ ಕರೆದು, ನಡುಬೀದಿಯಲ್ಲಿ ಮಂಡಿಯೂರಿ ನಿಮಗೆ ವಿಷ ಹಾಕಿದೆ, ಕ್ಷಮಿಸಿ ಎಂದು ಹಣೆ ನೆಲಕ್ಕೆ ಹಚ್ಚಿದ.

ಆಂಬುಲೆನ್ಸ್ ಬಂತು. ಸೊಪ್ಪು ತಿಂದವರೆಲ್ಲ ಹತ್ತಿ ಎಂದರು ಅದರ ಸಿಬ್ಬಂದಿ. ಯಾರೂ ಹತ್ತಲಿಲ್ಲ. ಹಮುರೊಸಾನ್ ತಮ್ಮ ಚಪ್ಪಲಿಯನ್ನು ಹೊಸದಾಗಿ ಕೊಂಡವರಂತೆ ನೋಡುತ್ತಾ ನಿಂತರು.

"ಅದು... ನಾನು ಗೊಬ್ಬರದ ಡಬ್ಬಿಗೆ ಹಾಕಿದ್ದೆ," ಎಂದರು ಕೊನೆಗೆ.

ಇವತ್ತು ಮಾತ್ರವೇ ಎಂದು ಇಸೊಗೈ ಕೇಳಿದ. ಅವರು ಚಪ್ಪಲಿಯ ಧೂಳು ಕೊಡವತೊಡಗಿದರು. ಒಬಾತಾಸಾನ್ ಕೆಮ್ಮಿ, ತಮ್ಮ ಮನೆಯದು ಮೊಲಕ್ಕೆ ಹೋಗುತ್ತದೆ, ಈಚೆಗೆ ಮೊಲವೂ ಮೂಸಿ ಬಿಟ್ಟುಬಿಡುತ್ತದೆ ಎಂದರು.

ಇಸೊಗೈ ಅಲ್ಲೇ ಬಗ್ಗಿ ಕುಡಿದ ಸಾರನ್ನೆಲ್ಲ ಕಕ್ಕಿದ. ಅವನನ್ನು ಎತ್ತಿ ಆಂಬುಲೆನ್ಸ್‌ನಲ್ಲಿ ಮಲಗಿಸಿದರು. ನೀನೂ ಹತ್ತು, ನೀನೂ ತಿಂದಿದ್ದೀಯ ಎಂದು ಅವನು ಗದ್ದಲಕ್ಕೆ ಹೊರಬಂದಿದ್ದ ತಮಿಕೊಳ ಕೈ ಹಿಡಿದುಕೊಂಡ.

"ನಾನ್ಯಾವತ್ತು ತಿಂದಿದ್ದೀನಿ?" ಎಂದಳು ಅವಳು ಮೆಲ್ಲಗೆ. "ನಿಮ್ಮ ಸೊಪ್ಪು ನಿಮ್ಮ ಬಟ್ಟಲಿಗೆ ಮಾತ್ರ."

ಆಸ್ಪತ್ರೆಯಿಂದ ಬಂದವನು ಮನೆಮನೆಗೆ ಹೋಗಿ, ತೊಂದರೆ ಕೊಟ್ಟದ್ದಕ್ಕೆ ಬಗ್ಗಿ ಕ್ಷಮೆ ಕೇಳಿದ. ಇನ್ನು ಯಾರಿಗೂ ಏನೂ ಕೊಡುವುದಿಲ್ಲ, ಹಿತ್ತಿಲ ಮೂಲಂಗಿಯನ್ನೂ ಕಿತ್ತು ಹಾಕುತ್ತೇನೆ ಎಂದ. ಹಮುರೊಸಾನ್ ಅವನಿಗಿಂತ ಕೆಳಗೆ ಬಗ್ಗಿದರು.

"ಹಾಗೆಲ್ಲ ಮಾಡಬೇಡಿ, ಇಸೊಗೈಸಾನ್. ನಿಮ್ಮ ಮೂಲಂಗಿ ಅಂದ್ರೆ ನಮ್ಮನೇಲಿ ಪ್ರಾಣ."