ಫ್ರಿಜ್ಜಿನ ಗುಂಯ್‌ಗುಡುವಿಕೆ ಮತ್ತು ನನ್ನ ಬೇಸ್ ಗಿಟಾರು

ಸಂಗ್ರಾಹಕನ ಸಂಕಟ ಸಂಗ್ರಾಹಕನಿಗೇ ಗೊತ್ತು. ಅವನ ಹೆಂಡತಿಗೆ ಗೊತ್ತಿರುವುದು ಧೂಳು ಮಾತ್ರ. ನನ್ನಲ್ಲಿ ಐದು ಹಳೆಯ ಗಿಟಾರುಗಳೂ, ನಾನು ಹುಟ್ಟಿದ ವರ್ಷವೇ ತಯಾರಾದ, ದಪ್ಪ ದನಿಯ ಒಂದು ಬೇಸ್ ಗಿಟಾರೂ ಇದ್ದವು. (ವಯಸ್ಸಾದಂತೆ ನಮ್ಮಿಬ್ಬರಲ್ಲಿ ಬೆಲೆ ಏರಿದ್ದು ಅದಕ್ಕೆ ಮಾತ್ರ.) ನುಡಿಸಲು ನನಗೆ ಬರುವುದಿಲ್ಲ. ನಿಜವಾದ ರಸಿಕ ನುಡಿಸುವುದಿಲ್ಲ, ಆರಾಧಿಸುತ್ತಾನೆ! ಬೇಸಿನ ಪಕ್ಕದ ಗೋಡೆಗೆ ಒಂದು ಚೀಟಿಯನ್ನೂ ಅಂಟಿಸಿದ್ದೆ: ‘ಮುಟ್ಟಬೇಡಿ, ಬೆರಳ ಗುರುತು ಬೀಳುತ್ತದೆ.’

ಮೊನ್ನೆ ಹೆಂಡತಿ ಕಸಬರಿಗೆ ಊರಿ ನಿಂತು ರಾಜಾಜ್ಞೆ ಹೊರಡಿಸಿದಳು.

“ನುಡಿಸದೇ ಇರೋದೆಲ್ಲ ಭಾನುವಾರದೊಳಗೆ ಮನೆ ಬಿಡ್ಬೇಕು. ಅಮ್ಮನ ಮಂಚದ ಸುತ್ತ ಕಾಲಿಡೋಕೆ ಜಾಗ ಇಲ್ಲ.”

(ಅಮ್ಮ ಎಂದರೆ ನಮ್ಮತ್ತೆ. ಎಪ್ಪತ್ತು ದಾಟಿದ ಸಾಧುಜೀವ. ಅಡುಗೆಮನೆ ಪಕ್ಕದ ನನ್ನ ಸಂಗ್ರಹಾಲಯದಲ್ಲಿ ಅವರೂ ಮಲಗುತ್ತಾರೆ.)

“ಬೇಸ್ ಒಂದನ್ನಾದ್ರೂ ಬಿಡೇ!”

“ನುಡಿಸ್ತೀರಾ?”

ನಾನೊಂದು ಉಪಾಯ ಹೂಡಿದೆ: ಗಿಟಾರು ರಿಪೇರಿಯವರನ್ನು ಸಾಕ್ಷಿಗೆ ಕರೆಸಿದೆ.

“ಹನ್ನೊಂದು ವರ್ಷದಿಂದ ಇದಕ್ಕೆ ಒಂದು ಬೆರಳೂ ಸೋಕಿಲ್ಲ. ನೀವೇ ಹೇಳಿ, ಇಂಥಾ ರತ್ನಾನ ಹೊರಗೆ ಹಾಕ್ತಾರಾ?”

ಅವರು ಕನ್ನಡಕ ಏರಿಸಿ, ಬೇಸಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳನ್ನು ಸವರಿದರು.

“ಸೋಕಿಲ್ವಾ? ಪಟ್ಟಿ ಸವೆದಿವೆ. ತಂತಿ ಹೊಸದು. ದಿನಾ ಎರಡು ಗಂಟೆ ಯಾರೋ ಚೆನ್ನಾಗೇ ನುಡಿಸ್ತಿದ್ದಾರೆ, ಸ್ವಾಮಿ.”

“ಕಳ್ಳರು!” ಎಂದು ಕೂಗಿದೆ.

ಹೆಂಡತಿ ನಿಟ್ಟುಸಿರಿಟ್ಟಳು. “ಸಾಕು, ಹೊರಗೆ ಬಾಮ್ಮ.”

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ಬೆರಳ ತುದಿಗಳು ಚಪ್ಪಲಿ ಹೊಲಿಯುವವನ ಬೆರಳಿನಂತೆ ಗಟ್ಟಿಯಾಗಿದ್ದವು. “ನೀವು ಆಫೀಸಿಗೆ ಹೋದ್ಮೇಲೆ ಹೊತ್ತು ಹೋಗ್ಬೇಕಲ್ಲ, ಅಳಿಯಂದ್ರೇ. ಇವಳ ಫೋನ್ ನೋಡ್ಕೊಂಡು ಕಲಿತೆ,” ಎಂದು ಬೇಸನ್ನು ತೊಡೆಗೇರಿಸಿ, ಕಪಾಟಿನ ಹಿಂದಿನಿಂದ ಆಂಪ್ಲಿಫೈಯರಿನ ವೈರು ಎಳೆದು ಸಿಕ್ಕಿಸಿದರು.

ಗುಂಯ್... ಗುಂಯ್... ಗುಂಯ್.

ಅಯ್ಯೋ, ಇದು ನಮ್ಮ ಫ್ರಿಜ್ಜು! ನೆಗಡಿಯೆಂದು ರಜೆ ಹಾಕಿ ಮಲಗಿದ್ದಾಗಲೆಲ್ಲ ಅಡುಗೆಮನೆ ಕಡೆಯಿಂದ ಕೇಳಿದ್ದು ಇದೇ ಸದ್ದು. “ಫ್ರಿಜ್ಜು ಕಣ್ರೀ, ಮಲಕ್ಕೊಳ್ಳಿ” ಎಂದಿದ್ದಳು ಹೆಂಡತಿ. ನಾನು ಮೆಕ್ಯಾನಿಕ್ಕನ್ನು ಎರಡು ಸಲ ಕರೆಸಿದ್ದೆ. ಅವನು ಎರಡು ಸಲವೂ ಫ್ರಿಜ್ಜು ನೋಡುವ ಬದಲು ನನ್ನನ್ನೇ ನೋಡಿ ಹೋಗಿದ್ದ.

ರಿಪೇರಿಯವರು ಅತ್ತೆಗೆ ಕೈಮುಗಿದರು. ಆಜ್ಞೆಯ ಪ್ರಕಾರ ಐದು ಗಿಟಾರುಗಳು ಭಾನುವಾರ ಮನೆ ಬಿಟ್ಟವು. ಬೇಸ್ ಉಳಿಯಿತು. ನಾನು ಗೆದ್ದೆ ಎಂದುಕೊಂಡು ಅದರ ಮೈ ಸವರಲು ಕೈ ಚಾಚಿದೆ.

ಅತ್ತೆ ಗೋಡೆಯ ಚೀಟಿಯತ್ತ ಬೆರಳು ತೋರಿಸಿದರು.

“ಓದ್ಕೊಳ್ಳಿ, ಅಳಿಯಂದ್ರೇ.”