ಹಸುಗಳು ಒಪ್ಪಿದ ಗಾಯಕಿ

ಭಾನುವಾರ ಚರ್ಚಿನ ಕಾಫಿ ಮೇಜಿನಲ್ಲಿ ಯೆರ್ಕರ್ ಬಾಯಿ ಮುಚ್ಚಿಕೊಂಡು ಬನ್ನು ತಿಂದಿದ್ದರೆ ಇಷ್ಟೆಲ್ಲ ರಾದ್ಧಾಂತವೇ ಆಗುತ್ತಿರಲಿಲ್ಲ. ಯಾರಿಗೆ ಯಾವ ಗಾಯಕಿ ಇಷ್ಟ ಎಂಬ ಮಾತು ಎದ್ದಿತ್ತು. "ರೇಡಿಯೊದ ಸೋನ್ಯಾ. ಹೆಣ್ಣು ದನಿ ಅಂದ್ರೆ ಅದು. ಮಿಕ್ಕೋರದೆಲ್ಲ ಬರೀ ಕೂಗು," ಎಂದುಬಿಟ್ಟ ಪುಣ್ಯಾತ್ಮ. ಕಾಫಿ ಕೆಟಲ್ ಹಿಡಿದ ಹೆಂಡತಿ ಗುನ್ವೋರ್ ಅವನ ಬೆನ್ನ ಹಿಂದೆಯೇ ನಿಂತಿದ್ದಳು. ನಲವತ್ತು ಬೇಸಿಗೆಗಳಿಂದ ದಿನಾ ಸಂಜೆ ಬೆಟ್ಟದ ಕೊಟ್ಟಿಗೆ ಮುಂದೆ ನಿಂತು, ಎತ್ತರದ ದನಿಯಲ್ಲಿ ಹಾಡಿ, ಕಾಡಿನಲ್ಲಿ ಮೇಯುವ ಹಸುಗಳನ್ನು ಮನೆಗೆ ಕರೆಯುವವಳು ಅವಳು.

ಸೋಮವಾರ ಬೆಳಿಗ್ಗೆ ಗುನ್ವೋರ್ ಚೀಲ ಹಿಡಿದು ಫಾಲೂನ್ ಪಟ್ಟಣದ ಬಸ್ಸು ಹತ್ತಿದಳು. "ತಂಗಿ ಮನೆಗೆ ಹೋಗ್ತೀನಿ. ಬರೀ ಕೂಗೋರು ಇದ್ರೇನು, ಬಿಟ್ರೇನು? ಸಂಜೆ ನಿನ್ನ ಸೋನ್ಯಾನ ಕರೆಸ್ಕೊ."

ಹಸು ಕರೆಯುವುದೇನು ಮಹಾ ವಿದ್ಯೆ ಎಂದು ಯೆರ್ಕರ್ ನಕ್ಕ. ಸಂಜೆ ಐದಕ್ಕೆ ಬಂಡೆ ಹತ್ತಿ ಗಂಟಲು ಹರಿಯುವಂತೆ ಕೂಗಿದಾಗ ಒಂದು ಹಕ್ಕಿ ಹಾರಿಹೋಯಿತು, ಅಷ್ಟೇ. ಆರಾಯಿತು. ಏಳು ಹಸುಗಳಲ್ಲಿ ಒಂದರ ಗಂಟೆಯೂ ಕೇಳಿಸಲಿಲ್ಲ. ಅವುಗಳ ಕೆಚ್ಚಲು ತುಂಬಿ ಬಿರಿಯುತ್ತಿರಬಹುದು. ಸಾಲದ್ದಕ್ಕೆ ಹೋದ ವಾರ ತೊರೆಯ ಹತ್ತಿರ ಕರಡಿ ಹೆಜ್ಜೆ ಕಂಡಿತ್ತು.

ಕೊನೆಗೆ ಯೆರ್ಕರ್ ಸೋನ್ಯಾಳನ್ನೇ ಕರೆಸಿದ. ಊರ ಕುಣಿತಕ್ಕೆ ಬಳಸುವ ಧ್ವನಿವರ್ಧಕವನ್ನು ಟ್ರ್ಯಾಕ್ಟರಿಗೆ ಕಟ್ಟಿ, ಅವಳ ಕ್ಯಾಸೆಟ್ ಹಾಕಿದ. ಬೆಟ್ಟವೆಲ್ಲ ವಿರಹದಿಂದ ನರಳಿತು. ಹಸುಗಳು ಬರಲಿಲ್ಲ, ನೆರೆಯವರು ಬಂದರು.

"ಯಾರು ಹೋಗ್ಬಿಟ್ರು?" ಎಂದು ಏದುಸಿರು ಬಿಡುತ್ತಾ ಕೇಳಿದಳು ಚರ್ಚಿನ ಹಾಡುಗಾರ್ತಿ ಬಾರ್ಬ್ರೂ.

"ಯಾರೂ ಹೋಗಿಲ್ಲ. ಹಸು ಬಂದಿಲ್ಲ."

"ಈ ಸೋನ್ಯಾ ಕುತ್ತಿಗೆಯಿಂದ ಹಾಡ್ತಾಳೆ ಕಣಯ್ಯ. ಹೊಟ್ಟೆಯಿಂದ ಬರ್ಬೇಕು. ನೋಡ್ತಿರು." ಬಾರ್ಬ್ರೂ ಸೊಂಟದ ಮೇಲೆ ಕೈಯಿಟ್ಟು ಒಂದು ಸ್ವರ ಎತ್ತಿದಳು. ಕೆಳಗಿನ ಸ್ನಾನದ ಗುಡಿಸಲಿನಿಂದ ಅವಳ ಗಂಡ ಸಿಕ್ಸ್‌ಟೆನ್ ಟವೆಲ್ ಸುತ್ತಿಕೊಂಡು ಓಡಿಬಂದ. ಆ ದನಿಗೆ ಊಟಕ್ಕೆ ಬಂದು ಅವನಿಗೆ ಮೂವತ್ತು ವರ್ಷದ ಅಭ್ಯಾಸ.

"ದನಿಯಲ್ಲಿ ಅಳು ಇರ್ಬೇಕಮ್ಮ," ಎಂದಳು ಅಂಚೆ ಕಚೇರಿಯ ಹಿಲ್ಡೂರ್. "ನೀನು ಕರೆದ್ರೆ ತಟ್ಟೆ ಹಾಕಿದ ಹಾಗಿರುತ್ತೆ." ಅವಳು ಕಣ್ಣು ಮುಚ್ಚಿ ಅತ್ತಂತೆ ಕರೆದಳು. ಯಾರದ್ದೋ ಮೂರು ಕುರಿಗಳು ಬಂದು ಯೆರ್ಕರನ ಎಲೆಕೋಸಿಗೆ ಬಾಯಿ ಹಾಕಿದವು.

"ಮರ್ಯಾದೆಯಾಗಿ ಹೆಂಡ್ತಿಗೆ ಫೋನ್ ಮಾಡಯ್ಯ," ಎಂದ ಸಿಕ್ಸ್‌ಟೆನ್, ಟವೆಲ್ ಬಿಗಿಮಾಡಿಕೊಳ್ಳುತ್ತಾ.

ಯೆರ್ಕರ್ ಫೋನ್ ಹಚ್ಚಿ ಕೊಟ್ಟಿಗೆಯ ಮರೆಗೆ ಹೋದ. ಮರೆ ಎಂದರೆ ಆರು ಹೆಜ್ಜೆ. ಉಳಿದವರೂ ಆರು ಹೆಜ್ಜೆ ಮುಂದೆ ಬಂದರು.

"ಹಸು ಬಂದಿಲ್ಲ ಗುನ್ವೋರ್. ಫೋನಲ್ಲೇ ಒಂದ್ಸಲ ಕರೀತೀಯಾ? ಮೈಕ್‌ಗೆ ಹಿಡಿತೀನಿ."

"ನಂದು ಬರೀ ಕೂಗಲ್ವಾ?"

"ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಸಾಲದು. ನನ್ನ ದನೀಲಿ ಏನಿದೆ ಅಂತ ನಿನ್ನ ಬಾಯಲ್ಲಿ ಕೇಳ್ಬೇಕು. ನಲವತ್ತು ವರ್ಷದಲ್ಲಿ ಒಂದ್ಸಲನಾದ್ರೂ ಹೇಳಿದೀಯಾ?"

ಯೆರ್ಕರ್ ಟೋಪಿ ತೆಗೆದ. "ಸೋನ್ಯಾ ಹಾಡು ಕೇಳಿದ್ರೆ ಎಲ್ಲಿಗಾದ್ರೂ ಹೊರಟುಹೋಗೋಣ ಅನ್ನಿಸುತ್ತೆ. ನಿನ್ನ ದನಿ ಕೇಳಿದ್ರೆ... ಮನೆಗೆ ಬರೋಣ ಅನ್ನಿಸುತ್ತೆ. ಮದುವೆಗೆ ಮುಂಚೆ ಒಂದ್ಸಲ ಮಂಜಲ್ಲಿ ದಾರಿ ತಪ್ಪಿದ್ದೆ. ನೀನು ಹಸು ಕರೀತಿದ್ದೆ. ಅವುಗಳ ಹಿಂದೇನೇ ನಾನೂ ಬಂದೆ. ಬೇಕೂಂತ ಬಂದಿದ್ದಲ್ಲ ಗುನ್ವೋರ್, ಕಾಲೇ ಬಂತು. ಇವತ್ತಿಗೂ ಸಂಜೆ ನೀನು ಕರೆದ್ರೆ, ಎಲ್ಲಿದ್ರೂ ಕಾಲು ತಿರುಗುತ್ತೆ."

ಹಿಲ್ಡೂರ್ ಮೂಗು ಒರೆಸಿಕೊಂಡಳು. ಆಮೇಲೆ, "ಮೈಕ್ ಹಿಡಿ," ಎಂದಳು ಗುನ್ವೋರ್, ಗಂಟಲು ಸರಿಮಾಡಿಕೊಳ್ಳುತ್ತಾ.

ದನಿ ಮರಗಳ ಮೇಲಿಂದ ಹೋಗಿ, ಆಚೆ ಬೆಟ್ಟ ಮುಟ್ಟಿ ಹಿಂದಿರುಗಿತು. ಯೆರ್ಕರನಿಗೆ ಮೈ ಜುಮ್ಮೆಂದಿತು. ಎರಡನೇ ಕರೆಗೆ ದೂರದಲ್ಲಿ ಒಂದು ಗಂಟೆ ಅಲುಗಿತು, ಆಮೇಲೆ ಇನ್ನೊಂದು. ಗುನ್ವೋರ್ ಫೋನಿನಲ್ಲೇ ಗಂಟೆಗಳನ್ನು ಗುರುತು ಹಿಡಿದು, ಒಂದೊಂದು ಹಸುವಿನ ಹೆಸರನ್ನೂ ಹೇಳಿದಳು. ಏಳೂ ಬಂದವು. ಮುದುಕಿ ಹಸುವಿನ ಕುತ್ತಿಗೆ ತಬ್ಬಿಕೊಂಡು ಯೆರ್ಕರ್ ನಾಚಿಕೆ ಬಿಟ್ಟು ಅತ್ತ.

"ನಾಳೆ ಬೆಳಿಗ್ಗೆ ಬಸ್ಸಿಗೆ ಬಂದ್ಬಿಡು ಗುನ್ವೋರ್," ಎಂದ.

"ಬರ್ಬೇಕಾಗಿಲ್ಲ ಕಣೇ," ಎಂದು ನಡುವೆ ಬಾಯಿ ಹಾಕಿದಳು ಬಾರ್ಬ್ರೂ. "ಎಲ್ಲಾ ನನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ. ದಿನಾ ಸಂಜೆ ಹಾಕಿದ್ರಾಯ್ತು."

"ಹೌದಾ?" ಗುನ್ವೋರಳ ದನಿ ಅರಳಿತು. "ತಂಗಿ ಹದಿನೈದು ದಿನ ಸಮುದ್ರದ ಕಡೆ ಹೋಗಿಬರೋಣ ಅಂತಿದ್ಲು. ಹಸುಗಳಿಗೆ ಏನ್ಮಾಡ್ಲಿ ಅಂತಾನೇ ಯೋಚನೆಯಾಗಿತ್ತು. ಹಾಲು ಕರೆಯೋದನ್ನ ಅವನು ಕಲಿತುಕೊಳ್ಳಲಿ. ಎಲ್ಲಿಂದ ರೆಕಾರ್ಡ್ ಮಾಡಿದ್ದೀಯ?"

"ಇವನು ತಪ್ಪಾಯ್ತು ಅಂದ್ನಲ್ಲ, ಅಲ್ಲಿಂದ."

ಯೆರ್ಕರನ ಮುಖ ಬಿಳಿಚಿತು. "ಆ ಮೊದಲಿನ ಭಾಗ ಕತ್ತರಿಸ್ಬಿಡು ಬಾರ್ಬ್ರೂ. ದಮ್ಮಯ್ಯ. ಈ ಮೈಕು ಮೂರು ಊರಿಗೆ ಕೇಳ್ಸುತ್ತೆ."

"ಒಂದಕ್ಷರನೂ ಕತ್ತರಿಸ್ಬೇಡ," ಎಂದಳು ಗುನ್ವೋರ್. ಅವಳು ನಗುತ್ತಿದ್ದಳು. "ದಿನಾ ಅದ್ರಿಂದಾನೇ ಶುರುವಾಗ್ಲಿ. ಹದಿನಾರನೇ ದಿನ ಬರ್ತೀನಿ ಯೆರ್ಕರ್, ಬಸ್ಸಿನ ಹತ್ರ ಬಂದಿರು."

ಯೆರ್ಕರ್ ಬಕೆಟ್ಟು ಹುಡುಕಿಕೊಂಡು ಮೊದಲನೇ ಹಸುವಿನ ಪಕ್ಕ ಕುಳಿತ. ನೆರೆಯವರು ಇಳಿಜಾರಿನಲ್ಲಿ ಹೊರಟರು.

"ನಾಳೆ ಐದಕ್ಕೆ ಕುರ್ಚಿ ನಾವು ತರ್ತೀವಿ," ಎಂದು ಹಿಲ್ಡೂರ್ ಕೂಗಿ ಹೇಳಿದಳು. "ಕಾಫಿ ನಿಂದು."