ಹದಿನೆಂಟು ಗುಲಾಬಿಗಳ ಬಜೆಟ್ಟು

ಲಾಕ್‌ಡೌನ್ ಕಾಲದಲ್ಲಿ ಮನೆಯಿಂದಲೇ ಆಫೀಸು ಕೆಲಸ ಮಾಡುವ ಗಂಡಸು ಕಿಟಕಿಯಲ್ಲಿ ಕಂಡರೆ ಸಾಕು, ಬೀದಿಯವರೆಲ್ಲ ಸೇರಿ ಅವನಿಗೊಂದು ಕೆಲಸ ಹುಡುಕಿಕೊಡುತ್ತಾರೆ. ನಾನು ಒಬ್ಬರ ನಾಯಿ ಕಾದಿದ್ದೇನೆ, ಇನ್ನೊಬ್ಬರ ಪಾರ್ಸೆಲ್ಲುಗಳಿಗೆ ನಮ್ಮ ಹಜಾರವನ್ನೇ ಗೋಡೌನು ಮಾಡಿಕೊಟ್ಟಿದ್ದೇನೆ. ಆದರೆ ಐರ್ಲೆಂಡಿನ ಟಾಲಾದಲ್ಲಿ ನಮ್ಮ ಪಕ್ಕದ ಮನೆಯ ಫಿಲಿಪಿನೋ ನರ್ಸಮ್ಮ ವಹಿಸಿದ ಕೆಲಸದ ಮುಂದೆ ಅವೆಲ್ಲ ಏನೂ ಅಲ್ಲ.

೧. ಕಡಿತ

ನರ್ಸಮ್ಮನ ಮಗಳಿಗೆ ಹದಿನೆಂಟು ತುಂಬುವುದರಲ್ಲಿತ್ತು. ಅವರಲ್ಲಿ ಹುಡುಗಿಯ ಹದಿನೆಂಟನೇ ಹುಟ್ಟುಹಬ್ಬವೆಂದರೆ ನಮ್ಮ ಮದುವೆಗೆ ಕಡಿಮೆಯಿಲ್ಲ. ಬಾಡಿಗೆ ಹಾಲ್, ಗೌನು, ಊಟ ಎಲ್ಲ ಇರಬೇಕು. ಅದರ ಮೇಲೆ ಹದಿನೆಂಟು ಗಂಡಸರು ಒಬ್ಬೊಬ್ಬರಾಗಿ ಬಂದು, ಒಂದೊಂದು ಗುಲಾಬಿ ಕೊಟ್ಟು, ಅವಳ ಜೊತೆ ಒಂದು ಸುತ್ತು ಕುಣಿಯಬೇಕು. ಮಗಳು ಶಾಲೆಗೆ ಸೇರಿದಾಗಿನಿಂದ ಆಕೆ ಇದಕ್ಕೆಂದು ದುಡ್ಡು ಕೂಡಿಡುತ್ತ ಬಂದಿದ್ದರು.

"ನೀವು ಸ್ಯಾಂಡಿಫರ್ಡಿನ ಆಫೀಸಿನಲ್ಲಿ ಲೆಕ್ಕದ ಕೆಲಸದಲ್ಲಿದ್ದೀರಲ್ಲ, ಒಂದು ಬಜೆಟ್ ಹಾಕಿಕೊಡಿ" ಅಂದರು.

ಅಡುಗೆಮನೆಯಿಂದ ನನ್ನ ಹೆಂಡತಿ, "ಇವರಿಗಾ? ಕೊತ್ತಂಬರಿ ಕಟ್ಟಿನ ರೇಟೂ ಗೊತ್ತಿಲ್ಲ" ಅಂದಳು.

ಕೇಳಿಸದವನಂತೆ ಕೂತು, ಆಫೀಸಿನ ಅಭ್ಯಾಸದಂತೆ ಮೊದಲು ಕತ್ತರಿಯನ್ನೇ ಎತ್ತಿಕೊಂಡೆ. "ಹದಿನೆಂಟು ಗುಲಾಬಿ ಯಾಕೆ? ಹನ್ನೆರಡಕ್ಕೆ ಇಳಿಸಿದ್ರೆ ಮೂರನೇ ಒಂದು ಭಾಗ ಉಳಿಯುತ್ತೆ."

ನರ್ಸಮ್ಮ ನನ್ನನ್ನೇ ನೋಡಿದರು. "ಆಗಲಿ. ಮಗಳಿಗೂ ಹನ್ನೆರಡೇ ವರ್ಷ ಅಂತ ಹೇಳಿಬಿಡೋಣ್ವಾ?"

೨. ಅದು

ಬಜೆಟ್ಟಿನಲ್ಲಿ ದೊಡ್ಡ ಖರ್ಚು ಇಡಿಯಾಗಿ ಸುಟ್ಟ ಹಂದಿಯದು. ಅದಿಲ್ಲದಿದ್ದರೆ ಅವರ ಕಡೆಯವರು ಊಟ ಹಾಕಿದರು ಅಂತಲೇ ಹೇಳುವುದಿಲ್ಲವಂತೆ. ಆಕೆಗೆ ಆಸ್ಪತ್ರೆಯಲ್ಲಿ ಡ್ಯೂಟಿ ಮೇಲೆ ಡ್ಯೂಟಿ. ಹಾಗಾಗಿ ರೇಟು ವಿಚಾರಿಸುವ ಭಾಗ್ಯ, ಐದು ಹೊತ್ತು ನಮಾಜು ಮಾಡುವ ನನ್ನ ಪಾಲಿಗೆ ಬಂತು. ಬಜೆಟ್ಟಿನಲ್ಲಿ ಅದರ ಹೆಸರು ಬರೆಯಲು ಕೈ ಬರದೆ 'ಅದು' ಅಂತ ಹಾಕಿದ್ದೆ.

ಕಸಾಯಿಯವನಿಗೆ ಸ್ಪೀಕರಿನಲ್ಲಿ ಫೋನ್ ಮಾಡಿದರೆ ಅವನು "ಇಡೀದು ಬೇಕಾ, ಅರ್ಧ ಸಾಕಾ?" ಅಂತ ಗಟ್ಟಿಯಾಗಿ ಕೇಳಿದ. ಅದೇ ಹೊತ್ತಿಗೆ ಹೆಂಡತಿಯ ಫೋನಿನಲ್ಲಿ, ಬೆಂಗಳೂರಿಂದ ನಮ್ಮ ಅಮ್ಮಿ ವಿಡಿಯೋ ಕಾಲಿಗೆ ಬಂದಿದ್ದರು.

"ಏನೋ ಅದು ಇಡೀದು? ಕುರಿನಾ?"

"ಆಫೀಸ್ ವಿಷಯ ಅಮ್ಮಿ" ಅಂದೆ.

ಸಂಜೆ ಇದನ್ನು ಕೇಳಿ ನರ್ಸಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಾವೇ ಬಜೆಟ್ಟಿನಿಂದ 'ಅದನ್ನು' ಹೊಡೆದುಹಾಕಿ, ನನ್ನ ಹೆಂಡತಿಯ ಬಿರಿಯಾನಿಗೆ ಆರ್ಡರ್ ಕೊಟ್ಟರು. ಅಮ್ಮಿ ಮಾತ್ರ ಬಿಟ್ಟಿಲ್ಲ. ಈಗಲೂ ಶುಕ್ರವಾರ ಫೋನ್ ಮಾಡಿದಾಗ ಕೇಳುತ್ತಾರೆ, "ನಿಮ್ಮ ಆಫೀಸಿನ ಕುರಿ ಏನಾಯ್ತಪ್ಪ?"

೩. ಗೇಟು

ಇನ್ನೇನು ವಾರವಿದೆ ಅನ್ನುವಾಗ ಸರ್ಕಾರದ ನಿಯಮ ಬಿಗಿಯಾಯಿತು. ಹಾಲ್‌ಗಳೆಲ್ಲ ಬಂದ್, ಮನೆಗೆ ಯಾರೂ ಬರುವಂತಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಹುಡುಗಿಯ ಅಪ್ಪ ಸರಕು ಹಡಗಿನಲ್ಲಿ ನೌಕರ. ಕೆಲಸದ ಅವಧಿ ಮುಗಿದಿದ್ದರೂ ಯಾವ ಬಂದರಿನಲ್ಲೂ ಇಳಿಯಲು ಬಿಡುತ್ತಿರಲಿಲ್ಲ. ಕೊನೆಯ ಗುಲಾಬಿ ಅಪ್ಪನದೇ ಆಗಬೇಕು.

"ಎಂಥ ಬಿರುಗಾಳಿ ಬಂದ್ರೂ ತಟ್ಟೆ ಹಿಡ್ಕೊಂಡು ಊಟ ಮಾಡೋ ಮನುಷ್ಯ ಅವರು. ನನಗೆ ಲುವಾಸ್ ರೈಲು ತಿರುವು ತಗೊಂಡ್ರೇ ಹೊಟ್ಟೆ ತೊಳಸುತ್ತೆ" ಅನ್ನುತ್ತ ನರ್ಸಮ್ಮ ಕಣ್ಣೊರೆಸಿಕೊಂಡರು.

ಇಲ್ಲೇ ಹುಟ್ಟಿದ ಮಗಳು "ಇಟ್ಸ್ ಗ್ರ್ಯಾಂಡ್, ಮಮ್" ಅಂದಳು, ಅಂದರೆ ಪರವಾಗಿಲ್ಲ ಅಂತ. ಈ ದೇಶದಲ್ಲಿ ಎಲ್ಲ ಸರಿಯಿದ್ದಾಗಲೂ ಗ್ರ್ಯಾಂಡ್, ಅಳು ಬಂದಾಗಲೂ ಗ್ರ್ಯಾಂಡ್. ಇದು ಯಾವ ಗ್ರ್ಯಾಂಡ್ ಅಂತ ತಿಳಿದು ನನಗೂ ಸಂಕಟವಾಯಿತು.

ದಾರಿ ತೋರಿಸಿದ್ದು ನನ್ನ ಹೆಂಡತಿ. "ಹಾಲ್ ಯಾಕ್ರೀ ಬೇಕು? ಬೀದೀಲಿ ಇಷ್ಟೊಂದು ಗೇಟ್ ಇಲ್ವಾ? ಗಂಡಸರು ಗೇಟಿನ ಒಳಗೆ ನಿಲ್ಲಲಿ, ಅವಳು ಹೊರಗೆ ನಿಂತು ಕುಣೀಲಿ."

ನಾನು ಅದನ್ನೇ ಹೋಗಿ ನರ್ಸಮ್ಮನಿಗೆ ಹೇಳಿದೆ. ಹಾಲ್‌ನ ಖರ್ಚು ಸೊನ್ನೆಯಾಯಿತು. ಮರುದಿನ ನರ್ಸಮ್ಮ ಬೀದಿಗೆಲ್ಲ ನನ್ನ ಲೆಕ್ಕದ ತಲೆಯನ್ನು ಹೊಗಳುತ್ತಿದ್ದರು. ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡೆ.

೪. ಕೊನೆಯ ಗುಲಾಬಿ

ಆ ದಿನ ಹುಡುಗಿ ನೆಲ ಗುಡಿಸುವಷ್ಟು ಉದ್ದದ ಗೌನು ಎತ್ತಿ ಹಿಡಿದು ಗೇಟಿನಿಂದ ಗೇಟಿಗೆ ಬಂದಳು. ಎದುರುಮನೆಯ ಐರಿಷ್ ಅಜ್ಜ ತಮ್ಮ ವಾಕರನ್ನೇ ತಿರುಗಿಸಿ ಕುಣಿದರು. ಹದಿನೇಳು ಗುಲಾಬಿ ಮುಗಿದು, ಕೊನೆಗೆ ನಮ್ಮ ಗೇಟು ಉಳಿಯಿತು.

ಹಡಗು ದಡದ ಹತ್ತಿರ ಬಂದಿದ್ದರಿಂದ ಅಪ್ಪ ವಿಡಿಯೋದಲ್ಲಿ ಸಿಕ್ಕಿದ್ದರು. ನರ್ಸಮ್ಮ ಫೋನನ್ನೂ ಗುಲಾಬಿಯನ್ನೂ ನಮ್ಮ ಗೇಟಿನ ಕಂಬದ ಮೇಲಿಟ್ಟು ಹಿಂದೆ ಸರಿದರು. "ಮುಖಕ್ಕೆ ಅಡ್ಡ ಹಿಡ್ಕೊಂಡು ಕುಣೀರಿ. ಅವಳಿಗೆ ಅವರೇ ಕಾಣ್ಲಿ."

ನಮ್ಮ ವಂಶದಲ್ಲಿ ಯಾರೂ ಕುಣಿದವರಲ್ಲ. ಮದುವೆಗಳಲ್ಲಿ ಬಿರಿಯಾನಿ ದೇಗು ಹೊತ್ತದ್ದೇ ನಮ್ಮ ನಾಟ್ಯ. ಆದರೂ ಹಾಡು ಶುರುವಾದದ್ದೇ ಫೋನನ್ನು ಮುಖಕ್ಕೆ ಹಿಡಿದು, ಎಡಕ್ಕೆರಡು ಬಲಕ್ಕೆರಡು ಹೆಜ್ಜೆ ಹಾಕಿ, ಹುರುಪು ಬಂದು ಒಂದು ಸುತ್ತೂ ತಿರುಗಿದೆ. ಗೇಟಿನಾಚೆ ಹುಡುಗಿ ಪರದೆಯಿಂದ ಕಣ್ಣು ಕೀಳದೆ ಅಳುತ್ತ ಕುಣಿಯುತ್ತಿದ್ದಳು. ಇತ್ತ ನನ್ನ ಹೆಂಡತಿ, ಅತ್ತ ನರ್ಸಮ್ಮ ಅಳುತ್ತಿದ್ದರು. ಫೋನಿನ ಹಿಂದೆ ನಾನೂ ಅಳುತ್ತಿದ್ದೆ.

ಆಗ ಅಪ್ಪನ ದನಿ ನಡುಗುತ್ತ ಕೇಳಿಸಿತು. "ಮಗಳೇ, ಒಂದು ನಿಮಿಷ."

ದುಃಖ ತಡೆಯಲಾಗುತ್ತಿಲ್ಲ ಪಾಪ, ಅಂದುಕೊಂಡು ಬೀದಿಯವರೆಲ್ಲ ಕಿವಿಗೊಟ್ಟರು.

"ಫೋನ್ ಹಿಡಿದಿರೋ ಆ ಅಣ್ಣನಿಗೆ ಸ್ವಲ್ಪ ಅಲ್ಲಾಡದೆ ನಿಂತ್ಕೊಳ್ಳೋಕೆ ಹೇಳಮ್ಮ. ಇಷ್ಟು ವರ್ಷ ಸಮುದ್ರದಲ್ಲಿ ಬರದೇ ಇದ್ದ ವಾಂತಿ ಈಗ ಬರೋ ಹಾಗಿದೆ."